ಭ್ರೂಣ ಫ್ರೀಜ್ ಮಾಡಿ ಆಮೇಲೆ ಹಾಕೋಣ ಅಂದರು, ಕಾಯುವುದು ಸರಿನಾ?

ಸೇಡಂ ಸೊಸೆ:
ನನಗೆ 31, ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡುಗಡೆ ಆಗದ ತೊಂದರೆ) ಇದೆ. ಕಲಬುರಗಿಯಲ್ಲಿ ಐವಿಎಫ್, ಅಂದರೆ ಲ್ಯಾಬ್‌ನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ, ಮಾಡಿಸುತ್ತಿದ್ದೇವೆ. ಮೊನ್ನೆ 22 ಮೊಟ್ಟೆ ತೆಗೆದರು. ಹೊಟ್ಟೆ ಉಬ್ಬಿ ಸೀರೆ ನೆರಿಗೆ ಸಿಕ್ಕಿಸಲೂ ಆಗುತ್ತಿಲ್ಲ. ಈ ಸಲ ಟ್ರಾನ್ಸ್‌ಫರ್ (ಭ್ರೂಣ ಗರ್ಭಕೋಶಕ್ಕೆ ಹಾಕುವುದು) ಬೇಡ, 5ನೇ ದಿನದವರೆಗೆ ಬೆಳೆಸಿ ಎಲ್ಲ ಫ್ರೀಜ್ ಮಾಡೋಣ ಅಂತಾರೆ ಡಾಕ್ಟರು. ಅತ್ತೆ ಮಾತ್ರ ತಾಜಾ ಇರುವಾಗ ಬರ್ಫದಲ್ಲಿ ಇಡುವುದು ಯಾಕೆ ಅಂತ ಒಂದೇ ಸಮ ಕೇಳುತ್ತಿದ್ದಾರೆ. ಸಾಲ ತೆಗೆದು ಮಾಡಿಸುತ್ತಿದ್ದೇವೆ, ಒಂದು ತಿಂಗಳು ಮುಂದೆ ಹೋದರೂ ಜೀವ ಚುರ್ ಅನ್ನುತ್ತದೆ. ಗೊತ್ತಿದ್ದವರು ಹೇಳಿ.

ಬೀದರ್ ಲ್ಯಾಬ್‌ನವ:
ಅಕ್ಕ, ನಾನು ಭ್ರೂಣದ ಲ್ಯಾಬ್‌ನಲ್ಲೇ ಕೆಲಸ ಮಾಡುವವನು. ನಿಮ್ಮ ಡಾಕ್ಟರ್ ಹೇಳಿದ್ದು ಸರಿ ಇದೆ. ಇಷ್ಟು ಮೊಟ್ಟೆ ಬಂದು ಹೊಟ್ಟೆ ಉಬ್ಬಿರುವಾಗ ಗರ್ಭ ನಿಂತರೆ, ಗರ್ಭದ ಹಾರ್ಮೋನ್‌ನಿಂದಲೇ ಆ ಉಬ್ಬರ ಇನ್ನೂ ಏರುತ್ತದೆ. ಚೀನಾದಲ್ಲಿ ಪಿಸಿಓಎಸ್ (ಪಿಸಿಓಡಿಗೆ ಹೀಗೂ ಅನ್ನುತ್ತಾರೆ) ಇದ್ದ 1,508 ಹೆಂಗಸರ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂತು. ಮೊದಲ ಟ್ರಾನ್ಸ್‌ಫರ್‌ನಲ್ಲೇ ಮಗು ಕೈಗೆ ಬಂದದ್ದು ಫ್ರೀಜ್ ಮಾಡಿದವರಲ್ಲಿ ಶೇ 49.3, ತಾಜಾ ಹಾಕಿಸಿಕೊಂಡವರಲ್ಲಿ ಶೇ 42. ಆದರೆ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಫ್ರೀಜ್ ಕಡೆ ಜಾಸ್ತಿ, ಶೇ 4.4, ಇನ್ನೊಂದು ಕಡೆ 1.4. ಹಾಗಾಗಿ ಗರ್ಭ ನಿಂತ ಮೇಲೆ ಬಿಪಿ ನೋಡಿಸುವುದನ್ನು ಒಂದು ಸಲವೂ ತಪ್ಪಿಸಬೇಡಿ. ಪಿಸಿಓಎಸ್ ಇಲ್ಲದವರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಅದು 2018ರ ಅಧ್ಯಯನಗಳಲ್ಲಿ ಬಂತು.

5ನೇ ದಿನದವರೆಗೆ ಎಲ್ಲವೂ ಬೆಳೆಯುವುದಿಲ್ಲ, ಅರ್ಧಕ್ಕಿಂತ ಕಡಿಮೆ ಉಳಿದರೂ ಗಾಬರಿ ಆಗಬೇಡಿ. ಭ್ರೂಣ ಎರಡು ಮೂರೇ ಇದ್ದರೆ 3ನೇ ದಿನಕ್ಕೇ ಹಾಕುವುದೂ ಉಂಟು. ಇನ್ನೊಂದು ಮಾತು. ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಒಂದೇ ದಿನದಲ್ಲಿ ತೂಕ ಏರಿದರೆ ರಾತ್ರಿ ಆದರೂ ಸರಿ, ಹೊರಟುಬಿಡಿ. ಬೆಳಗಾಗಲಿ ಅಂತ ಕಾಯಬೇಡಿ.

ಯಾದಗಿರಿ ತಾಯಿ:
ನಂದೂ ಫ್ರೀಜ್ ಮಾಡಿದ್ದೇ. ಮಗಳಿಗೆ ಈಗ ಎರಡು ವರ್ಷ, ಪಕ್ಕದಲ್ಲೇ ರೊಟ್ಟಿ ಹಿಟ್ಟು ಚೆಲ್ಲುತ್ತಾ ಕೂತಿದ್ದಾಳೆ. ಫ್ರೀಜ್‌ನಲ್ಲಿ ಮುಖ್ಯ ಅಂದರೆ ಪ್ರೊಜೆಸ್ಟರಾನ್, ಅಂದರೆ ಗರ್ಭಕೋಶದ ಪದರ ಸಿದ್ಧ ಮಾಡುವ ಹಾರ್ಮೋನ್ ಔಷಧ, ಶುರು ಮಾಡುವ ದಿನ. 5 ದಿನದ ಭ್ರೂಣಕ್ಕೆ ಗರ್ಭಕೋಶದ ಪದರಕ್ಕೂ ಐದು ದಿನ ಔಷಧ ಸಿಕ್ಕಿರಬೇಕು. ಹಿಂದೆ ಮುಂದೆ ಆದರೆ ಭ್ರೂಣ ಚೆನ್ನಾಗಿದ್ದರೂ ಅಂಟುವುದು ಕಷ್ಟ. ನಾವು ಔಷಧ ತರಲು ಹೋದಾಗ ಬಸ್ ದಾರಿಯಲ್ಲೇ ಕೆಟ್ಟು, ಬೆಳಗ್ಗೆ ಶುರು ಆಗಬೇಕಾದದ್ದು ಮರುದಿನಕ್ಕೆ ಹೋಯಿತು. ಬೈಯುತ್ತಾರೇನೋ ಅಂತ ಹೆದರಿಕೊಂಡೇ ಆಸ್ಪತ್ರೆಗೆ ಫೋನ್ ಮಾಡಿದೆ. ಅವರು ಟ್ರಾನ್ಸ್‌ಫರ್ ಒಂದು ದಿನ ಮುಂದೆ ಹಾಕಿದರು, ಅಷ್ಟೇ. ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೋ ನೆನೆಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆಮೇಲೆ ಕ್ಯಾಲೆಂಡರ್‌ನಲ್ಲಿ ಪ್ರತಿ ಗುಳಿಗೆಗೂ ಟೈಮ್ ಬರೆದು ಗೀಟು ಹಾಕುತ್ತಿದ್ದೆ. ಟ್ರಾನ್ಸ್‌ಫರ್ ಆದ ಮೇಲೆ ಸುಮ್ನೆ ಹಾಸಿಗೆ ಹಿಡಿಯಬೇಕಿಲ್ಲ, ಓಡಾಡಬಹುದು.

ಸೇಡಂ ಸೊಸೆ:
ಬಿಪಿ ವಿಷಯ ನನಗೆ ಯಾರೂ ಹೇಳಿರಲೇ ಇಲ್ಲ. ನಮ್ಮ ಅಮ್ಮನಿಗೂ ಬಿಪಿ ಇದೆ, ಅದನ್ನೂ ಡಾಕ್ಟರಿಗೆ ಹೇಳುತ್ತೇನೆ. ಅತ್ತೆಗೆ ಇದನ್ನೆಲ್ಲ ಈಗಷ್ಟೇ ಓದಿ ಹೇಳಿದೆ, ಆಯ್ತು, ಮೊದಲು ನಿನ್ನ ಹೊಟ್ಟೆ ಇಳಿಯಲಿ ಅಂದರು.