ಅಪ್‌ಡೇಟ್: ತೋರಿಸುತ್ತಿದ್ದ ಕಮಿಷನ್ ಕೊನೆಗೂ ಕೈಸೇರಿತು

ಹಿಂದೆ ಕೇಳಿದ್ದೆ: ನನ್ನ ಅಡುಗೆ ಚಾನೆಲ್‌ನ ಅಫಿಲಿಯೇಟ್ ಲಿಂಕ್ (ಅದರ ಮೂಲಕ ಯಾರಾದರೂ ಕೊಂಡರೆ ನನಗೆ ಕಮಿಷನ್ ಸಿಗುವ ಲಿಂಕ್) ಒತ್ತಿ ಜನ ಮಿಕ್ಸಿ, ಕುಕ್ಕರ್ ಕೊಂಡಿದ್ದಾರೆ, ಅಫಿಲಿಯೇಟ್ ಖಾತೆಯಲ್ಲಿ 4,310 ರೂಪಾಯಿ ಕಮಿಷನ್ ತೋರಿಸುತ್ತಿದೆ, ಬ್ಯಾಂಕಿಗೆ ಮಾತ್ರ ಬಿಡಿಗಾಸೂ ಬಂದಿಲ್ಲ, ಮೋಸ ಹೋದೆನೇ ಎಂದು.

ಮೋಸವಲ್ಲ, ನನ್ನದೇ ಅವಸರ. ಅದು ಇನ್ನೂ ಖಚಿತವಾಗದ ಮೊತ್ತ. ಸರಕು ಹಿಂದಿರುಗಿಸುವ ಅವಧಿ ಮುಗಿದ ಮೇಲೆಯೇ ಮಾರಾಟಗಾರರು ಒಪ್ಪಿಗೆ ಕೊಡುತ್ತಾರಂತೆ. ಮೂರು ಮಿಕ್ಸಿ ವಾಪಸ್ ಹೋದವು, ಅವುಗಳ ಕಮಿಷನ್ನೂ ಹೋಯಿತು. ನಾದಿನಿ ನನ್ನ ಮೊಬೈಲಿನಲ್ಲೇ ತರಿಸಿಕೊಂಡ ಇಡ್ಲಿ ಪಾತ್ರೆಯನ್ನು 'ಸ್ವಂತ ಖರೀದಿ' ಎಂದು ಹೊಡೆದುಹಾಕಿದರು. (ಅವಳಿಗೆ ಇನ್ನೂ ಹೇಳಿಲ್ಲ.) ಉಳಿದದ್ದು 2,965 ರೂಪಾಯಿ.

ಅದೂ ಬರಲಿಲ್ಲ! ಬ್ಯಾಂಕ್ ವಿವರ ಮತ್ತೊಮ್ಮೆ ನೋಡಿ ಎಂದು ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿದೆ. ಐಎಫ್‌ಎಸ್‌ಸಿ ಸಂಕೇತದ (ಬ್ಯಾಂಕ್ ಶಾಖೆಯನ್ನು ಗುರುತಿಸುವ ಸಂಕೇತ) ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆಯೇ ಇರುತ್ತದೆ. ನಾನು ಇಂಗ್ಲಿಷಿನ 'ಓ' ಅಕ್ಷರ ತುಂಬಿದ್ದೆ. ತಿದ್ದಿದ ಮೇಲೆ ಮುಂದಿನ ಕಂತಿನಲ್ಲಿ ಹಣ ಜಮೆಯಾಯಿತು.

ಇನ್ನೊಂದು ಸಲಹೆಯನ್ನೂ ಪಾಲಿಸಿದ್ದೇನೆ. 'ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಎಂದು ಪ್ರತಿ ವಿಡಿಯೊದ ಕೆಳಗೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಜನ ಲಿಂಕ್ ಒತ್ತುವುದನ್ನು ಬಿಟ್ಟಾರು ಎಂದು ಹೆದರಿದ್ದೆ. ಯಾರೂ ಬಿಟ್ಟಿಲ್ಲ.