ಸಹಾಯ ಬೇಕು: ಅಮೆರಿಕದ ಅಂತರ್ಯುದ್ಧಕ್ಕೆ ಮುಂಚಿನ ಗುಲಾಮಗಿರಿ ವಿರೋಧಿ ಚಳವಳಿ ಬಗ್ಗೆ

ಎಲ್ರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಈ ಪಾಠ ಮಾಡ್ಬೇಕು, ಸಿಕ್ಕಿರೋ ನೋಟ್ಸಲ್ಲೆಲ್ಲಾ ಉತ್ತರದವರು ಗುಲಾಮಗಿರಿ ವಿರೋಧ, ದಕ್ಷಿಣದವರು ಪರ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದಾರೆ. ಆದ್ರೆ ಅದು ಅಷ್ಟು ಸಲೀಸಲ್ಲ. ದಕ್ಷಿಣದಲ್ಲಿ ಗುಲಾಮರು ಬೆಳೆದ ಹತ್ತೀಲೇ ಉತ್ತರದ ಮಿಲ್ಲುಗಳು ನಡೀತಿದ್ವು, 1835ರಲ್ಲಿ ಬಾಸ್ಟನ್ನಲ್ಲೇ ಗುಲಾಮಗಿರಿ ವಿರೋಧಿ ಪತ್ರಿಕೆ ನಡೆಸ್ತಿದ್ದ ಗ್ಯಾರಿಸನ್‌ಗೆ ಹಗ್ಗ ಕಟ್ಟಿ ಬೀದೀಲಿ ಎಳೆದಾಡಿದ್ರು, 1837ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ನಲ್ಲಿ ಅಂಥದ್ದೇ ಪತ್ರಿಕೆಯ ಸಂಪಾದಕ ಎಲೈಜಾ ಲವ್‌ಜಾಯ್ ತನ್ನ ಪ್ರಿಂಟಿಂಗ್ ಪ್ರೆಸ್ ಉಳಿಸ್ಕೊಳಕ್ಕೆ ಹೋಗಿ ಗುಲಾಮಗಿರಿ ಪರ ಗುಂಪಿನ ಗುಂಡೇಟಿಗೆ ಸತ್ತ. ಇದೆಲ್ಲಾ ಉತ್ತರದಲ್ಲೇ ಆಗಿದ್ದು!

ಮತ್ತೆ ಅದೇ ಬಾಸ್ಟನ್ ಜನ 1854ರಲ್ಲಿ, ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದಿದ್ದ ಆಂಥನಿ ಬರ್ನ್ಸ್‌ನ 1850ರ ಕಾಯ್ದೆ (ಓಡಿಬಂದ ಗುಲಾಮರನ್ನ ಹಿಡಿದು ಮಾಲೀಕರಿಗೆ ಒಪ್ಪಿಸ್ಬೇಕು ಅನ್ನೋದು) ಪ್ರಕಾರ ಸೈನಿಕರ ಕಾವಲಲ್ಲಿ ವರ್ಜೀನಿಯಾಗೆ ವಾಪಸ್ ಕಳಿಸುವಾಗ ಬೀದಿಗೆ ಬಂದು ಧಿಕ್ಕಾರ ಕೂಗಿದ್ರು, ಅದೇ ವರ್ಷ ಕ್ಯಾನ್ಸಾಸ್-ನೆಬ್ರಾಸ್ಕಾ ಕಾಯ್ದೆ (ಆ ಎರಡು ಹೊಸ ಪ್ರದೇಶದಲ್ಲಿ ಗುಲಾಮಗಿರಿ ಬೇಕಾ ಬೇಡ್ವಾ ಅಂತ ಅಲ್ಲಿನವರೇ ತೀರ್ಮಾನಿಸ್ಲಿ ಅನ್ನೋದು) ಬಂತು, ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡೋದನ್ನ ವಿರೋಧಿಸಿ ರಿಪಬ್ಲಿಕನ್ ಪಕ್ಷ ಹುಟ್ಕೊಂತು. ಈ ಇಪ್ಪತ್ತು ವರ್ಷದಲ್ಲಿ ಜನರ ಮನಸ್ಸು ಹೆಂಗೆ ತಿರುಗ್ತು ಅನ್ನೋದೇ ನಂಗೆ ಪಾಠದ ಜೀವಾಳ ಅನ್ಸುತ್ತೆ, ಅದ್ರಲ್ಲೂ ಫ್ರೆಡೆರಿಕ್ ಡಗ್ಲಸ್ ಥರ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದು ತಾವೇ ಮಾತಾಡಿದವ್ರ ಪಾತ್ರ ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಗೊತ್ತಾಗ್ಲೇಬೇಕು.

ಡಗ್ಲಸ್ ಭಾಷಣಗಳು ಕನ್ನಡದಲ್ಲಿ ಯಾರತ್ರಾದ್ರೂ ಇದ್ರೆ ದಯವಿಟ್ಟು ತಿಳಿಸಿ. 1850ರ ಹೊತ್ತಿನ ಸ್ವತಂತ್ರ ರಾಜ್ಯ (ಗುಲಾಮಗಿರಿ ಇಲ್ಲದ್ದು), ಗುಲಾಮಿ ರಾಜ್ಯ ಬೇರೆಬೇರೆ ತೋರ್ಸೋ ಕನ್ನಡ ಮ್ಯಾಪೂ ಬೇಕಿತ್ತು. ಇತಿಹಾಸ ಮೇಷ್ಟ್ರು, ಮೇಡಂಗಳು ಯಾರಾದ್ರೂ ಇದನ್ನ ಪಾಠ ಮಾಡಿದ್ರೆ ಎಲ್ಲಿಂದ ಶುರು ಮಾಡಿದ್ರಿ ಅಂತಾನೂ ಹೇಳಿ ಪ್ಲೀಸ್.