ಎಸ್‌ಡಿಎಲ್ ತಗೊಳ್ಳಲಾ, ಎಲ್‌ಎಚ್‌ಡಿ ತಗೊಳ್ಳಲಾ? ಗಣಿಯೊಳಗೆ ದುಡಿದವರು ಹೇಳಿ

ಬಂಗಾರಪೇಟೆ ಕಾಂಟ್ರಾಕ್ಟರ್: ತೆಲಂಗಾಣದ ಗೋದಾವರಿ ಕಣಿವೆಯಲ್ಲಿ ಒಂದು ಕಲ್ಲಿದ್ದಲು ಗಣಿಯ ಲೋಡಿಂಗ್ ಕೆಲಸ ಸಿಗುವಂತಿದೆ. ಬೋರ್ಡ್ ಅಂಡ್ ಪಿಲ್ಲರ್ (ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ನಡುವೆ ದಾರಿ ಕೊರೆಯುವ ರೀತಿ), ಇಳಿಜಾರು ಆರು ಅಡಿಗೆ ಒಂದು ಅಡಿ, ನೆಲದಲ್ಲಿ ನೀರು. ಎರಡು ಮಿಷನ್‌ಗೆ ದುಡ್ಡು ಹೊಂದಿಸಿದ್ದೇನೆ. ಬಕೆಟ್ ಪಕ್ಕಕ್ಕೆ ಸುರಿಯುವ ಲೋಡರ್ ಎಸ್‌ಡಿಎಲ್, ತುಂಬಿ ಸಾಗಿಸಿ ಸುರಿಯುವ ಎಲ್‌ಎಚ್‌ಡಿ, ಎರಡರಲ್ಲಿ ಯಾವುದು ವಾಸಿ?

ಮಾರಿಕುಪ್ಪಂ ಫಿಟ್ಟರ್: 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಮೂರು ವರ್ಷ ಅಲೆದು ಕಲ್ಲಿದ್ದಲಿಗೆ ಹೋದೆ, ಹನ್ನೊಂದು ವರ್ಷ ಎಸ್‌ಡಿಎಲ್ ರಿಪೇರಿ ಮಾಡಿದೆ. ಅದನ್ನೇ ತಗೊಳ್ಳಿ ಸಾರ್. ಚೈನ್ ಮೇಲೆ ಓಡುವ ಗಾಡಿ, ಕೆಸರಿಗೆ ಹೆದರುವುದಿಲ್ಲ. ಬಕೆಟ್ ಪಕ್ಕಕ್ಕೆ ಮಗುಚಿ ಕನ್ವೇಯರ್‌ಗೆ ಸುರಿಯುತ್ತದೆ. ಆದರೆ ಕೇಬಲ್ ಜೋಪಾನ. ಒಂದು ರಾತ್ರಿ ಪಾಳಿಯಲ್ಲಿ ಆಪರೇಟರ್ ಹಿಂದಕ್ಕೆ ಬರುತ್ತಾ ಗಾಡಿ ಹಿಂದೆ ಎಳೆದುಕೊಂಡು ಓಡುವ ಕರೆಂಟ್ ಕೇಬಲ್ (ಟ್ರೇಲಿಂಗ್ ಕೇಬಲ್) ಮೇಲೆಯೇ ಹತ್ತಿಸಿದ. ಮೇಲಿನ ರಬ್ಬರ್ ಒಡೆದು ತಾಮ್ರ ಕಾಣುತ್ತಿತ್ತು. ಆ ಒಂದೇ ವರ್ಷ ಹೀಗೆ ಏಳು ಸಲ. ಪ್ರತಿ ಸಲ ಕೇಬಲ್ ಮೇಲಕ್ಕೆ ಕಳಿಸಿ ವಲ್ಕನೈಸ್ (ರಬ್ಬರ್ ಬಿಸಿ ಮಾಡಿ ಅಂಟಿಸುವುದು) ಮಾಡಿಸಬೇಕು, ಬದಲಿ ಕೇಬಲ್ ಇಲ್ಲದಿದ್ದರೆ ಎರಡು ಪಾಳಿ ಹಾಳು.

ಮಾಲೂರಿನವನು: ನಾನು ಎಲ್‌ಎಚ್‌ಡಿ ತಗೊಂಡೆ, ಇವತ್ತಿಗೂ ಬೇಜಾರಿಲ್ಲ. ತುಂಬುವುದೂ ಸಾಗಿಸುವುದೂ ಅದೇ. ಫೇಸ್, ಅಂದರೆ ಕಲ್ಲಿದ್ದಲು ಒಡೆಯುವ ಜಾಗ, ಮುಂದೆ ಹೋದ ಹಾಗೆಲ್ಲ ಕನ್ವೇಯರ್ ಉದ್ದ ಮಾಡುತ್ತಾ ಕೂರಬೇಕಿಲ್ಲ. ನೆಲ ಗಟ್ಟಿ ಇದ್ದ ಕಡೆ ಪಾಳಿಗೆ ಎರಡು ಫೇಸ್ ಖಾಲಿ ಮಾಡಿದ್ದೇವೆ. ಆಮೇಲೆ ನೀರು ನಿಂತ ಪ್ಯಾನಲ್ (ಗಣಿಯ ಒಂದು ಭಾಗ) ಕೊಟ್ಟರು. ಟೈರ್ ಸುಮ್ನೆ ಸುತ್ತುತ್ತಿತ್ತು, ಕೆಸರಿನೊಳಗಿನ ಚೂಪು ಕಲ್ಲು ಟೈರಿನ ಪಕ್ಕ ಸೀಳಿತು. ನಾಲ್ಕು ಟೈರಿಗೆ 2 ಲಕ್ಷ 80 ಸಾವಿರ, ಐದೇ ತಿಂಗಳು ಬಂತು. ಲಾರಿ ಬಾಡಿಗೆ 22 ಸಾವಿರ ಬೇರೆ. ಮಾರಿದವರು ವಾರಂಟಿ ಇಲ್ಲ ಅಂದುಬಿಟ್ಟರು. ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದ ದುಡ್ಡು ಅದು.

ಮಾರಿಕುಪ್ಪಂ ಫಿಟ್ಟರ್: ನೋಡಿ, ನೀರಲ್ಲಿ ಆಗಲ್ಲ ಅಂತ ನೀವೇ ಒಪ್ಪಿಕೊಂಡ್ರಿ.

ಮಾಲೂರಿನವನು: ನೀವು ಸಂಬಳಕ್ಕೆ ದುಡಿದವರು. ಕನ್ವೇಯರ್ ಕೂರಿಸುವ ಆಳುಗಳ ಕೂಲಿ ನಿಮ್ಮ ಜೇಬಿನಿಂದ ಹೋಗಿದೆಯಾ?

ಮುಳಬಾಗಿಲು ಎಲೆಕ್ಟ್ರಿಷಿಯನ್: ಇಬ್ಬರೂ ಗ್ಯಾಸಿನ ಮಾತೇ ಎತ್ತಲಿಲ್ಲ. ಗಣಿಯ ಗಾಳಿಯಲ್ಲಿ ಉರಿಯುವ ಮೀಥೇನ್ 1.25 ಪರ್ಸೆಂಟ್ ದಾಟಿದರೆ ಕರೆಂಟ್ ತೆಗೆಯಲೇಬೇಕು, ಎರಡೂ ಗಾಡಿ ನಿಲ್ಲುತ್ತವೆ. ಚಿನ್ನದ ಗಣಿಯಿಂದ ಬಂದ ಫಿಟ್ಟರ್‌ಗಳ ಜೊತೆ ನಾನು ದುಡಿದಿದ್ದೇನೆ. ಒಬ್ಬರು ಫ್ಲೇಮ್‌ಪ್ರೂಫ್ ಬಾಕ್ಸಿನ (ಕಿಡಿ ಹೊರಗೆ ಬಿಡದ ಕರೆಂಟ್ ಪೆಟ್ಟಿಗೆ) ಮುಚ್ಚಳಕ್ಕೆ ಎಂಟರಲ್ಲಿ ಏಳೇ ಬೋಲ್ಟ್ ಹಾಕಿ ಹೋಗಿದ್ದರು. ಒಳಗಿನ ಕಿಡಿ ಹೊರಗೆ ಬರಲು ಆ ಸಂದು ಸಾಕು.

ಮಾರಿಕುಪ್ಪಂ ಫಿಟ್ಟರ್: ಒಬ್ಬ ಮಾಡಿದ್ದಕ್ಕೆ ಊರನ್ನೇ ಬಯ್ಯಬೇಡಿ ತಮ್ಮಾ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಜಾಸ್ತಿ ಆಳ. ನಮ್ಮಪ್ಪ ಆ ಬಿಸಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಬಂಡೆ ಸಿಡಿದು ಜೊತೆಯವರು ಸತ್ತಿದ್ದನ್ನು ಕಣ್ಣಾರೆ ಕಂಡವರು. ನಮಗೆ ಜಾಗ್ರತೆ ಹೇಳಿಕೊಡುವಷ್ಟು ದೊಡ್ಡವರಾದ್ರಾ?

ಮುಳಬಾಗಿಲು ಎಲೆಕ್ಟ್ರಿಷಿಯನ್: ನಿಮ್ಮ ತಂದೆಯವರ ಮೇಲೆ ಗೌರವ ಇದೆ ಅಣ್ಣ. ಆದರೆ ಅಲ್ಲಿನ ಬಂಡೆ ಉರಿಯಲ್ಲ, ಕಲ್ಲಿದ್ದಲು ಉರಿಯುತ್ತದೆ. ಆ ಬೋಲ್ಟ್ ಕಂಡ ದಿನ ಕೈ ನಡುಗಿತ್ತು, ಅದಕ್ಕೇ ಹೇಳಿದ್ದು.

ಬಂಗಾರಪೇಟೆ ಕಾಂಟ್ರಾಕ್ಟರ್: ಜಗಳ ಬಿಡಿ ಸಾರ್. ಸೆಕೆಂಡ್ ಹ್ಯಾಂಡ್ ಎಸ್‌ಡಿಎಲ್ ಒಂದು ಇದೆ, ನೋಡಬಹುದಾ?

ಮಾಲೂರಿನವನು: ಗಣಿ ಸುರಕ್ಷತೆ ನೋಡುವ ಕೇಂದ್ರ ಇಲಾಖೆ ಡಿಜಿಎಂಎಸ್‌ನ ಅಪ್ರೂವಲ್ ಪೇಪರ್ ಮೊದಲು ಕೇಳಿ. ನನಗೆ ಅದಿಲ್ಲದೆ ಎರಡೂವರೆ ತಿಂಗಳು ಗಾಡಿ ಗೇಟ್ ಹೊರಗೇ ನಿಂತಿತ್ತು. ಡ್ರೈವರ್ ಸಂಬಳ, ಬ್ಯಾಂಕ್ ಕಂತು ಎರಡೂ ಕಟ್ಟಿದೆ.

ಮಾರಿಕುಪ್ಪಂ ಫಿಟ್ಟರ್: ಅದು ಸರಿ. ಚೈನಿನ ಪಿನ್ ಸವೆದಿದೆಯಾ ಅಂತಲೂ ನೋಡಿ. ಜೊತೆಗೆ ಪ್ರತಿ ಪಾಳಿಗೂ ಕೇಬಲ್ ಹಿಡಿಯಲು ಒಬ್ಬನನ್ನು ಇಡಿ. ಅವನ ಸಂಬಳ ಉಳಿಸಲು ಹೋಗಿಯೇ ನಮ್ಮಲ್ಲಿ ಏಳು ಸಲ ಕೇಬಲ್ ಹೋಗಿದ್ದು.